ಮುತ್ತಿನ ಓಲೆಯ ಹುಡುಗಿಗೆ ಸಿಕ್ಕಿದ್ದು ದೀಪದ ಹೆಣ್ಣಿಗೂ ಸಿಗಲಿ

2023ರ ಫೆಬ್ರವರಿಯಲ್ಲಿ, 17ನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ ಬಿಡಿಸಿದ ‘ಮುತ್ತಿನ ಓಲೆಯ ಹುಡುಗಿ’ ನೆದರ್ಲೆಂಡ್ಸ್‌ನ ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಂ ಬಿಟ್ಟು ಆಮ್‌ಸ್ಟರ್‌ಡ್ಯಾಮ್‌ಗೆ ಹೋದಳು. ಅಲ್ಲಿನ ರೈಕ್ಸ್‌ಮ್ಯೂಸಿಯಂನಲ್ಲಿ ವರ್ಮೀರ್‌ನ 28 ಚಿತ್ರಗಳ ಪ್ರದರ್ಶನ ಇತ್ತು. ಅವನದು ಅಂತ ಇವತ್ತು ಗುರುತಿಸುವ ಚಿತ್ರಗಳೇ ಸುಮಾರು 37. ಹಾಗಾಗಿ ಇಡೀ ದೇಶವೇ ಆ ಕಡೆ ಮುಖ ಮಾಡಿತ್ತು. ನಾನಿರುವ ಹೇಗ್‌ನಲ್ಲಿ ಮಾತ್ರ ಅವಳ ಜಾಗ ಖಾಲಿ. ಆ ಖಾಲಿ ಜಾಗಕ್ಕೆ ಮೌರಿಟ್ಸ್‌ಹೌಸ್‌ನವರು ಮಾಡಿದ ಕೆಲಸ ನನಗೆ ತುಂಬಾ ಹಿಡಿಸಿತು. ಆ ಚಿತ್ರ ನೋಡಿ ನಿಮ್ಮ ನಿಮ್ಮ ಹುಡುಗಿಯನ್ನು ನೀವೇ ಮಾಡಿ ಕಳಿಸಿ ಅಂತ ಎಲ್ಲರನ್ನೂ ಕೇಳಿದರು.

ಹೆಚ್ಚುಕಡಿಮೆ 3,500 ಹುಡುಗಿಯರು ಬಂದರು! ಅದರಲ್ಲಿ 170 ಆರಿಸಿ, ಒಂದಾದ ಮೇಲೊಂದು ಬರುವ ಹಾಗೆ ಪರದೆಯ ಮೇಲೆ ತೋರಿಸಿದರು. ಒಬ್ಬರು ಜೋಳದ ತೆನೆಯಲ್ಲೇ ಅವಳನ್ನು ಮಾಡಿದ್ದರು. ಇದನ್ನೇ ವೃತ್ತಿ ಮಾಡಿಕೊಂಡವರು, ಭಾನುವಾರ ಮಾತ್ರ ಬ್ರಷ್ ಹಿಡಿಯುವವರು ಎಲ್ಲರಿಗೂ ಒಂದೇ ಚೌಕಟ್ಟು. ಇದು ನೋಡಿ ಮಾಡಿದ್ದು ತಾನೇ, ಇದರಲ್ಲೇನಿದೆ ಅಂತ ಯಾರೂ ಮೂಗು ಮುರಿಯಲಿಲ್ಲ.

ಒಂದು ಜಗಳವಂತೂ ಆಯಿತು. ಆರಿಸಿದ ಚಿತ್ರಗಳಲ್ಲಿ ಒಂದು ಕೃತಕ ಬುದ್ಧಿಮತ್ತೆಯಿಂದ ತಯಾರಾಗಿದ್ದು. ಇಲ್ಲಿನ ಕೆಲವು ಕಲಾವಿದರು ಸಿಟ್ಟಾದರು. ಮ್ಯೂಸಿಯಂ ಅದನ್ನು ತೆಗೆಯಲಿಲ್ಲ. ನನಗೆ ಕಲಾವಿದರ ಸಿಟ್ಟೇ ಸರಿ ಅನಿಸಿತು. ಯಾಕೆಂದರೆ ಇಂಥ ಕೆಲಸದ ಲಾಭವೆಲ್ಲ ಇರುವುದು ಮಾಡುವವರ ಕಣ್ಣಿಗೆ, ಕೈಗೆ. ಆ ಹುಡುಗಿಯ ಓಲೆಯನ್ನೇ ನೋಡಿ. ದೂರದಿಂದ ದುಂಡಗಿನ ಮುತ್ತು. ಬಿಡಿಸಲು ಕೂತಾಗ ಗೊತ್ತಾಗುತ್ತದೆ, ಅಲ್ಲಿ ಮುತ್ತಿಗೊಂದು ಗೆರೆಯೇ ಇಲ್ಲ, ಕಿವಿಗೆ ಸಿಕ್ಕಿಸುವ ಕೊಂಡಿಯೂ ಇಲ್ಲ. ಮೇಲೆ ಒಂದು ಗಟ್ಟಿ ಬಿಳಿ ಚುಕ್ಕೆ, ಕೆಳಗೆ ಅವಳ ಬಿಳಿ ಕಾಲರ್‌ನ ಮಸುಕು ಪ್ರತಿಬಿಂಬ. ಮಿಕ್ಕಿದ್ದನ್ನು ನಮ್ಮ ಕಣ್ಣೇ ತುಂಬಿಕೊಳ್ಳುತ್ತದೆ. ಎದುರು ನಿಂತು ಬರೀ ನೋಡಿದಾಗ ನನಗೆ ಇದು ಕಂಡಿರಲಿಲ್ಲ. ಪೆನ್ಸಿಲ್ ಹಿಡಿದಾಗ ಕಂಡಿತು.

ಇಲ್ಲಿನ ಮ್ಯೂಸಿಯಂಗಳು ಈ ಪೆನ್ಸಿಲ್ ವಿಷಯದಲ್ಲಿ ಧಾರಾಳ. 2015ರಲ್ಲಿ ರೈಕ್ಸ್‌ಮ್ಯೂಸಿಯಂ, ಫೋಟೋ ತೆಗೆಯುವುದು ಬಿಟ್ಟು ಚಿತ್ರ ಬಿಡಿಸಿ ಅಂತ ಒಂದು ಅಭಿಯಾನವನ್ನೇ ಮಾಡಿತು. ಬಂದವರಿಗೆ ಕಾಗದ, ಪೆನ್ಸಿಲ್ ಅದೇ ಕೊಟ್ಟಿತು. 18 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ಟೂ ಇಲ್ಲ. ನನ್ನ ಮಗಳು ನೆಲದ ಮೇಲೆ ಕಾಲು ಚಾಚಿ ಕೂತು ಬಿಡಿಸುವಾಗ ಕಾವಲಿನವರು ಬೈಯುವುದಿಲ್ಲ, ಬಗ್ಗಿ ನೋಡಿ ಮುಂದೆ ಹೋಗುತ್ತಾರೆ.

ಹಾಗಂತ ಡಚ್ಚರಿಗೆ ನಕಲಿನ ಭಯ ಗೊತ್ತಿಲ್ಲ ಅಂತಲ್ಲ. ಹಾನ್ ವಾನ್ ಮೇಗೆರೆನ್ ಎಂಬ ಇಲ್ಲಿಯ ಕಲಾವಿದ ತಾನೇ ಬಿಡಿಸಿದ ಚಿತ್ರಗಳನ್ನು ವರ್ಮೀರ್ ಹೆಸರಲ್ಲಿ ಮಾರಿದ್ದ. ಒಂದು ನಾಜಿ ನಾಯಕ ಗೋರಿಂಗ್‌ನ ಕೈ ಸೇರಿತ್ತು. 1945ರಲ್ಲಿ, ದೇಶದ ಸೊತ್ತನ್ನು ಶತ್ರುವಿಗೆ ಮಾರಿದ ಅಂತ ಹಿಡಿದಾಗ, ಅದು ನನ್ನದೇ ಕೈಯ ಕೆಲಸ ಅಂತ ಒಪ್ಪಿಕೊಂಡ. ಇಷ್ಟೆಲ್ಲ ಅನುಭವಿಸಿಯೂ ಈ ಜನ ಮೋಸವನ್ನೂ ಪ್ರೀತಿಯನ್ನೂ ಬೇರೆ ಬೇರೆ ಇಟ್ಟಿದ್ದಾರೆ. ಹೆಸರು ಮುಚ್ಚಿಟ್ಟರೆ ಮೋಸ, ಹೆಸರು ಹೇಳಿ ಮಾಡಿದರೆ ಗೌರವ.

ನಮ್ಮಲ್ಲಿ ಪ್ರೀತಿಗೆ ಕಡಿಮೆ ಇಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಹೆಣ್ಣಿನ ಚಿತ್ರ ನೆನಪಿಸಿಕೊಳ್ಳಿ. ಕ್ಯಾಲೆಂಡರು, ಗಾಜಿನ ಮೇಲಿನ ಚಿತ್ರ, ಮದುವೆ ಮನೆಯ ಫೋಟೋ, ಎಲ್ಲೆಲ್ಲೂ ಅವಳೇ. ನಮ್ಮ ದೊಡ್ಡಮ್ಮ ಅವಳನ್ನು ಗಾಜಿನ ಮೇಲೆ ಎಷ್ಟು ಚೆನ್ನಾಗಿ ಬಿಡಿಸಿದ್ದರೆಂದರೆ, ಬಂದವರೆಲ್ಲ ನಿಂತು ನೋಡುತ್ತಿದ್ದರು. ಯಾರು ಮಾಡಿದ್ದು ಅಂದರೆ ದೊಡ್ಡಮ್ಮನ ಉತ್ತರ ಒಂದೇ. “ಅಯ್ಯೋ, ರವಿವರ್ಮಂದು ನೋಡಿ ಸುಮ್ನೆ ಮಾಡಿದ್ದು ಕಣಮ್ಮ.”

ಆ ಚಿತ್ರ ರವಿವರ್ಮನದಲ್ಲ. ಅವನು ತೀರಿಕೊಂಡಿದ್ದು 1906ರಲ್ಲಿ. ಇದನ್ನು 1940ರ ದಶಕದಲ್ಲಿ ಬಿಡಿಸಿದವರು ಎಸ್.ಎಲ್. ಹಲ್ದಂಕರ್, ಸಾವಂತವಾಡಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬಾಳಿದವರು. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಅದು ಜಲವರ್ಣ. ತಪ್ಪಾದರೆ ಎಣ್ಣೆಬಣ್ಣದ ಹಾಗೆ ಮೇಲೆ ಬಳಿದು ಮುಚ್ಚಲು ಬರುವುದಿಲ್ಲ. ಜ್ವಾಲೆಗೆ ಅಡ್ಡ ಹಿಡಿದ ಬೆರಳುಗಳಲ್ಲಿ ಕೆಂಪಗೆ ಹಾಯುವ ಆ ಬೆಳಕನ್ನು ನೀರಿನ ಬಣ್ಣದಲ್ಲಿ ತಂದವರ ಹೆಸರು ನಮ್ಮ ನಾಲಿಗೆಯ ಮೇಲಿಲ್ಲ. ದೊಡ್ಡಮ್ಮನ ಹೆಸರಂತೂ ಅವರ ಗಾಜಿನ ಮೂಲೆಯಲ್ಲೂ ಇಲ್ಲ. ನನಗೆ ಸಂಕಟ ಆಗುವುದು ಇದಕ್ಕೇ.

ನೋಡಿ ಕಲಿಯುವುದು ನಮಗೇನು ಹೊಸದಲ್ಲ. ಮೈಸೂರು ಶೈಲಿಯ ಚಿತ್ರ ಕಲಿತವರನ್ನು ಕೇಳಿ, ಚಿನ್ನದ ರೇಕು ಮುಟ್ಟುವ ಮೊದಲು ಹಳೆಯ ಚಿತ್ರಗಳ ಗೆರೆಯನ್ನೇ ಎಷ್ಟು ಸಲ ತಿದ್ದಿರುತ್ತಾರೆ ಅಂತ. ಈ ಕೈಪಳಗುವಿಕೆ ಇಲ್ಲಿ ನೆದರ್ಲೆಂಡ್ಸ್‌ನಲ್ಲಿ ನನಗೆ ಕಡಿಮೆ ಕಾಣುತ್ತದೆ. ಹೊಸ ಐಡಿಯಾ ಹೊಳೆದರೆ ಅರ್ಧ ಕೆಲಸ ಆಯಿತು ಅನ್ನುವ ಧಾಟಿ ಇಲ್ಲಿಯದು. ಬೆಂಗಳೂರಿನ ಚಿತ್ರಸಂತೆಯಲ್ಲಿ ಹೆಸರಾದವರೂ ಹೊಸಬರೂ ಕುಮಾರಕೃಪಾ ರಸ್ತೆಯಲ್ಲಿ ಪಕ್ಕಪಕ್ಕ ಕೂರುವುದು ನನಗೆ ಹೆಮ್ಮೆಯ ವಿಷಯ. ಆದರೆ ಅದು ಮಾರುವ ಜಾಗ. ಮೆಚ್ಚಿನ ಒಂದೇ ಚಿತ್ರದ ಸುತ್ತ ಎಲ್ಲರೂ ಸೇರುವ ಜಾಗ ಬೇರೆಯೇ ಬೇಕು, ಅಲ್ವಾ?

ಮೈಸೂರಿಗೆ ಇದು ಕಷ್ಟದ ಕೆಲಸ ಅಲ್ಲ. ದಸರೆಗೆ ಹೇಗೂ ಊರು ತುಂಬಾ ಜನ ಇರುತ್ತಾರೆ. ದೀಪದ ಹೆಣ್ಣನ್ನು ನಿಮಗೆ ಕಂಡ ಹಾಗೆ ಮಾಡಿ ತನ್ನಿ ಅಂತ ಒಂದು ಕರೆ ಕೊಡಲಿ. ಮೈಸೂರಿನ ಕಲಾ ಕಾಲೇಜು ಕಾವಾದ ವಿದ್ಯಾರ್ಥಿಗಳು ಬರಲಿ, ಕಸೂತಿ ಹಾಕುವವರು ಬರಲಿ, ಶಾಲೆಯ ಮಕ್ಕಳು ಬರಲಿ, ನಮ್ಮಂಥ ಹೊರನಾಡಿನವರು ಫೋಟೋ ಕಳಿಸುತ್ತೇವೆ. ಕಂಪ್ಯೂಟರ್ ಮಾಡಿಕೊಟ್ಟಿದ್ದು ಬೇಡ, ಕೈಯಲ್ಲಿ ಮಾಡಿದ್ದೇ ಬೇಕು ಅಂತ ಮೊದಲೇ ಹೇಳಿಬಿಡಲಿ. ಬಹುಮಾನವೂ ಬೇಡ. ಪ್ರತಿ ಚಿತ್ರದ ಕೆಳಗೆ ಎರಡು ಹೆಸರು ಮಾತ್ರ ಕಡ್ಡಾಯ ಆಗಲಿ: ಮಾಡಿದವರದು ಒಂದು, ಹಲ್ದಂಕರ್ ಅವರದು ಇನ್ನೊಂದು.