ಕಣ್ಣು ಮುಚ್ಚದ ಧ್ಯಾನ

ಧ್ಯಾನಕ್ಕೆ ಕೂರಿ ಎಂದರೆ ನಮ್ಮವರು ಮೊದಲು ಮಾಡುವ ಕೆಲಸ ಕಣ್ಣು ಮುಚ್ಚುವುದು. ಇಲ್ಲಿ ಜಪಾನಿನ ಝೆನ್ ಬೌದ್ಧ ಮಂದಿರಗಳಲ್ಲಿ ಅದನ್ನೇ ಮೊದಲು ತಿದ್ದುತ್ತಾರೆ. ಕಣ್ಣು ಮುಚ್ಚಿದರೆ ತೂಕಡಿಕೆ, ಇಲ್ಲವೇ ಹಗಲುಗನಸು. ಝೆನ್ ಗುರು ದೋಗೆನ್ 1244ರಲ್ಲಿ ಸ್ಥಾಪಿಸಿದ ಎಯ್ಹೇಜಿ ಮಠದ, ಝೆನ್ನಿನ ಸೋತೋ ಪಂಥದವರು ಗೋಡೆಗೆ ಮುಖ ಮಾಡಿ, ಒಂದು ಮೀಟರಿನಷ್ಟು ಮುಂದಕ್ಕೆ ನೋಟ ಇಳಿಸಿ, ಅರೆತೆರೆದ ಕಣ್ಣಲ್ಲಿ ಕೂರುತ್ತಾರೆ. 'ಝೆನ್' ಎಂಬ ಮಾತು ನಮ್ಮ 'ಧ್ಯಾನ'ವೇ ಚೀನಾದಲ್ಲಿ 'ಚಾನ್' ಆಗಿ ಇಲ್ಲಿಗೆ ಬಂದದ್ದು. ತೆರೆದ ಕಣ್ಣೂ ನಮಗೆ ಹೊಸದಲ್ಲ: ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಎವೆಯಿಕ್ಕದೆ ನೋಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ವ್ಯತ್ಯಾಸ ಇಷ್ಟೇ, ಅಲ್ಲಿ ನೋಟಕ್ಕೆ ಲಿಂಗವಿದೆ. ಇಲ್ಲಿ ಬರೀ ಗೋಡೆ.

ಕೂರುವುದರಲ್ಲಿ ಮಾತ್ರ ಜಪಾನಿನವರಿಂದ ಕಲಿಯುವುದು ಬಹಳ ಇದೆ. ನಾವು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿದರೆ ಆಯಿತು ಅಂದುಕೊಳ್ಳುತ್ತೇವೆ. ಹತ್ತು ನಿಮಿಷಕ್ಕೆ ಮಂಡಿ ಮೇಲೇಳುತ್ತದೆ, ಸೊಂಟ ಹಿಂದಕ್ಕೆ ವಾಲುತ್ತದೆ, ಬೆನ್ನು ಗೂನಾಗುತ್ತದೆ. ಇವರು 'ಝಫು' ಎಂಬ ದುಂಡು ದಿಂಬಿನ ಮುಂಭಾಗದ ಮೂರನೇ ಒಂದು ಪಾಲಿನಲ್ಲಿ ಮಾತ್ರ ಕೂರುತ್ತಾರೆ. ಆಗ ಸೊಂಟ ಮುಂದಕ್ಕೆ ಬಾಗಿ, ಎರಡು ಮಂಡಿಯೂ ನೆಲ ಮುಟ್ಟಿ, ಭಾರ ಮೂರು ಕಡೆ ಹಂಚಿಹೋಗುತ್ತದೆ. ದಿಂಬಿಲ್ಲದಿದ್ದರೆ ಕಂಬಳಿಯನ್ನು ಬಿಗಿಯಾಗಿ ಮಡಚಿದರೂ ಸಾಕು. ಮಂಡಿ ಇನ್ನೂ ಎದ್ದೇ ಇದ್ದರೆ ಮತ್ತೊಂದು ಮಡಿಕೆ ಏರಿಸಿ. ದಿಂಬಿನ ಅಂಚು ತೊಡೆಯನ್ನು ಒತ್ತುವಂತೆ ಕೂತರೆ ಕಾಲು ಜೋಮು ಹಿಡಿಯುತ್ತದೆ. ಹಾಗಾದಾಗ ತಟ್ಟನೆ ಏಳಬೇಡಿ, ಬೀಳುತ್ತೀರಿ.

ಬಲ ಅಂಗೈಯ ಮೇಲೆ ಎಡ ಅಂಗೈ ಇಟ್ಟು ಹೆಬ್ಬೆರಳ ತುದಿಗಳನ್ನು ಹಗುರವಾಗಿ ತಾಗಿಸಬೇಕು. ಇದು ಒಳ್ಳೆಯ ಮಾಪಕ: ನಿದ್ದೆ ಬಂದರೆ ಹೆಬ್ಬೆರಳುಗಳು ಕುಸಿಯುತ್ತವೆ, ಬಿಗುವಾದರೆ ಮೇಲಕ್ಕೆ ಚುಚ್ಚಿಕೊಳ್ಳುತ್ತವೆ.

ಒಂದು ಊದಿನಕಡ್ಡಿ ಉರಿದು ಮುಗಿಯುವಷ್ಟು ಹೊತ್ತು, ಅಂದರೆ ಸುಮಾರು 40 ನಿಮಿಷ, ಇಲ್ಲಿನ ಒಂದು ಪಾಳಿ. ಕೆಲಸಕ್ಕೆ ಓಡುವವರಿಗೆ 15 ನಿಮಿಷ ಸಾಕು, ಆದರೆ ಊಟವಾದ ಕೂಡಲೇ ಬೇಡ.

ಇನ್ನು ಎಣಿಕೆ. ಹೊಸಬರಿಗೆ ಉಸಿರನ್ನು 1ರಿಂದ 10ರವರೆಗೆ ಎಣಿಸಿ ಮತ್ತೆ 1ಕ್ಕೆ ಬರಲು ಹೇಳುತ್ತಾರೆ. ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳಿಟ್ಟು ಜಪ ಎಣಿಸುವ ನಮ್ಮ ಕರಮಾಲೆಯ ಲೆಕ್ಕವೂ 10ರದ್ದೇ: ಉಂಗುರ ಬೆರಳಿನ ನಡುಗೆಣ್ಣಿನಿಂದ ಹೊರಟು ಕಿರುಬೆರಳನ್ನೇರಿ, ತುದಿಗಳನ್ನು ದಾಟಿ ತೋರುಬೆರಳಿನ ಬುಡಕ್ಕೆ, ನಡುಬೆರಳಿನ ಕೆಳಗಿನ ಎರಡು ಗೆಣ್ಣು ಮೇರು, ಅವನ್ನು ಮುಟ್ಟುವಂತಿಲ್ಲ. ಕರಮಾಲೆಯ ದೋಷವೂ ಅಲ್ಲೇ ಇದೆ. ಅಭ್ಯಾಸವಾದಂತೆ ಹೆಬ್ಬೆರಳು ತಾನಾಗಿ ಓಡುತ್ತದೆ, ಮನಸ್ಸು ಸಂತೆಗೆ ಹೋಗಿರುತ್ತದೆ, ಜಪ ಮಾತ್ರ 108 ಆಗಿರುತ್ತದೆ! ಉಸಿರೆಣಿಕೆಯಲ್ಲಿ ಕಳ್ಳ ಬೇಗ ಸಿಕ್ಕಿಬೀಳುತ್ತಾನೆ. 14 ಅಂದುಕೊಂಡಾಗಲೇ ಗೊತ್ತಾಗುತ್ತದೆ. ಆಗ ಬೈದುಕೊಳ್ಳದೆ 1ಕ್ಕೆ ಮರಳುವುದೇ ಅಭ್ಯಾಸ. ಎಣಿಕೆಗೆ ತಕ್ಕಂತೆ ಉಸಿರನ್ನು ಎಳೆದರೆ ಎದೆ ಬಿಗಿಯುತ್ತದೆ. ಉಸಿರು ಬಂದಮೇಲೆ ಅಂಕೆ ಬರಬೇಕು.

ಹಾಗಾಗಿ ಬೆಳಗಿನ ಹೊತ್ತು ಮನೆಯಲ್ಲಿ ಝೆನ್ನಿನ ಕೂರುವಿಕೆಯೇ ಮೇಲು ಎನ್ನುತ್ತೇನೆ. ತೋಕಿಯೋದ ಕಿಕ್ಕಿರಿದ ರೈಲಿನಲ್ಲಿ ಮಾತ್ರ ಕರಮಾಲೆ ಹಿಡಿದ ನಮ್ಮ ಮಾನಸ ಜಪಕ್ಕೇ ನನ್ನ ಮತ. ನಿಲ್ದಾಣ ನಿಲ್ದಾಣಕ್ಕೂ ಆಗುವ ಘೋಷಣೆಗೆ ಉಸಿರೆಣಿಕೆ ತಪ್ಪುತ್ತದೆ, ಕೋಟಿನ ಜೇಬಿನೊಳಗಿನ ಹೆಬ್ಬೆರಳು ತಪ್ಪುವುದಿಲ್ಲ.