ಒಂದು ‘ಸಿ’ ಗ್ರೇಡಿಗೆ ಇಷ್ಟು ಹೆದರಬೇಕೇ?

ಅಮೆರಿಕದಲ್ಲಿ ಸ್ನಾತಕೋತ್ತರ ಅಥವಾ ಪಿಎಚ್‌ಡಿ ಓದಲು ಅಲ್ಲಿನ ಗ್ರಾಜುಯೇಟ್ ಸ್ಕೂಲ್‌ಗೆ ಅರ್ಜಿ ಹಾಕಬೇಕೆಂದಿರುವ ವಿದ್ಯಾರ್ಥಿಗೆ ಒಂದು ವಿಷಯದಲ್ಲಿ ‘ಸಿ’ ಬಂದರೆ ಸಾಕು, ಸುತ್ತಮುತ್ತಲಿನವರು “ಇನ್ನು ಮುಗಿಯಿತು” ಎಂದುಬಿಡುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಎಷ್ಟೋ ಒಳ್ಳೆಯ ವಿದ್ಯಾರ್ಥಿಗಳು ಅರ್ಜಿಯನ್ನೇ ಹಾಕದೆ ಹಿಂದೆ ಸರಿಯುವುದು ಇದರಿಂದಲೇ.

ಮೊದಲು ಲೆಕ್ಕ ನೋಡಿ. ಅಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್. 116 ಕ್ರೆಡಿಟ್‌ಗಳಲ್ಲಿ ನಿಮ್ಮ ಸರಾಸರಿ 4ಕ್ಕೆ 3.7 ಇದ್ದು, 4 ಕ್ರೆಡಿಟ್‌ನ ಒಂದೇ ವಿಷಯದಲ್ಲಿ ‘ಸಿ’, ಅಂದರೆ 2.0 ಬಂದಿದೆ ಎಂದುಕೊಳ್ಳಿ. ಒಟ್ಟು ಸರಾಸರಿ ಇಳಿಯುವುದು ಸುಮಾರು 3.64ಕ್ಕೆ. ಅನೇಕ ಗ್ರಾಜುಯೇಟ್ ಸ್ಕೂಲ್‌ಗಳು ಕೇಳುವ ಕನಿಷ್ಠ ಸರಾಸರಿ 3.0. ಆ ಗೆರೆಯ ಅಂಚಿನಲ್ಲೇ ಇರುವವರಿಗೆ ಈ ‘ಸಿ’ ದುಬಾರಿ, ಒಪ್ಪುತ್ತೇನೆ. ಉಳಿದವರ ಸರಾಸರಿಗೆ ಇದರಿಂದ ಆಗುವ ಪೆಟ್ಟು ಚಿಕ್ಕದು.

ಆದರೆ ಪಿಎಚ್‌ಡಿ ಅರ್ಜಿಗಳನ್ನು ಓದುವ ಪ್ರಾಧ್ಯಾಪಕರ ಸಮಿತಿ ಸರಾಸರಿಯನ್ನಷ್ಟೇ ನೋಡಿ ಸುಮ್ಮನಾಗುವುದಿಲ್ಲ. ಅಂಕಪಟ್ಟಿಯ ಸಾಲುಸಾಲಿನ ಮೇಲೂ ಕಣ್ಣಾಡಿಸುತ್ತದೆ. ಗಣಿತದಲ್ಲಿ ಸಂಶೋಧನೆ ಮಾಡಬಯಸುವವರಿಗೆ ಚರಿತ್ರೆಯ ಐಚ್ಛಿಕ ವಿಷಯದಲ್ಲಿ ‘ಸಿ’ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ರಿಯಲ್ ಅನಾಲಿಸಿಸ್‌ನಲ್ಲಿ ಬಂದರೆ ಪ್ರಶ್ನೆ ಏಳುತ್ತದೆ, ಏಳಲೂ ಬೇಕು. ಅದು ಆ ಶಾಸ್ತ್ರದ ತಳಪಾಯ. ಆಗ ಅವರ ಕಣ್ಣು ಮುಂದಿನ ಸೆಮಿಸ್ಟರ್‌ಗಳತ್ತ ಹೋಗುತ್ತದೆ. ಅಲ್ಲಿ ಇದರ ಮೇಲೆಯೇ ನಿಂತ ಮೆಷರ್ ಥಿಯರಿಯಲ್ಲಿ ‘ಎ’ ಕಂಡರೆ ಆ ಪ್ರಶ್ನೆಗೆ ಬಹುಪಾಲು ಉತ್ತರ ಸಿಕ್ಕಂತೆ. ಹಾಗಾಗಿ ಪಾಸಾದ ವಿಷಯವನ್ನೇ ಮತ್ತೆ ತೆಗೆದುಕೊಳ್ಳುವುದಕ್ಕಿಂತ, ಬುನಾದಿ ಗಟ್ಟಿ ಮಾಡಿಕೊಂಡು ಅದರ ಮೇಲಿನ ಕಠಿಣ ವಿಷಯವನ್ನು ಗೆಲ್ಲುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಮತ್ತೆ ತೆಗೆದುಕೊಂಡರೂ ಅನೇಕ ಕಡೆ ಹಳೆಯ ಗ್ರೇಡ್ ಅಂಕಪಟ್ಟಿಯಿಂದ ಅಳಿಸಿಹೋಗುವುದಿಲ್ಲ.

ಅರ್ಜಿಯ ಜೊತೆ ನೀವೇ ಬರೆದು ಕೊಡುವ ಉದ್ದೇಶ ಪತ್ರದಲ್ಲಿ (ಸ್ಟೇಟ್‌ಮೆಂಟ್ ಆಫ್ ಪರ್ಪಸ್) ಇದನ್ನು ವಿವರಿಸಬೇಕೇ? ನಿಜವಾದ ಕಾರಣವಿದ್ದರೆ ಮಾತ್ರ, ಅದೂ ಎರಡು ವಾಕ್ಯಗಳಲ್ಲಿ. “ಅನಿವಾರ್ಯ ವೈಯಕ್ತಿಕ ಕಾರಣಗಳಿಂದ” ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. “ಆ ಸೆಮಿಸ್ಟರ್‌ನಲ್ಲಿ ತಂದೆ ಆಸ್ಪತ್ರೆಯಲ್ಲಿದ್ದರು. ಮರುವರ್ಷ ಇದೇ ಶಾಖೆಯ ಮುಂದಿನ ಕೋರ್ಸ್‌ನಲ್ಲಿ ‘ಎ’ ಪಡೆದೆ” ಎಂದರೆ ಸಾಕು. ಪತ್ರದ ಉಳಿದ ಜಾಗವೆಲ್ಲ ನೀವು ಮಾಡಿದ, ಮಾಡಬೇಕೆಂದಿರುವ ಸಂಶೋಧನೆಗೆ ಮೀಸಲಿರಲಿ. ಕಾರಣವೇ ಇಲ್ಲದಿದ್ದರೆ ಆ ಮಾತನ್ನೇ ಎತ್ತಬೇಡಿ. ಕಥೆ ಕಟ್ಟುವುದಂತೂ ಬೇಡವೇ ಬೇಡ.

ಇದಕ್ಕಿಂತ ತೂಕದ್ದು ಶಿಫಾರಸು ಪತ್ರ. ಸಾಮಾನ್ಯವಾಗಿ ಮೂರು ಬೇಕಾಗುತ್ತವೆ. ನಿಮ್ಮ ಜೊತೆ ತಿಂಗಳುಗಟ್ಟಲೆ ಕೆಲಸ ಮಾಡಿದ ಪ್ರಾಧ್ಯಾಪಕರು “ಆ ಗ್ರೇಡ್ ಈ ವಿದ್ಯಾರ್ಥಿಯ ಸಾಮರ್ಥ್ಯದ ಅಳತೆಯಲ್ಲ” ಎಂದು ಉದಾಹರಣೆ ಕೊಟ್ಟು ಬರೆದರೆ, ಅದಕ್ಕಿರುವ ಬೆಲೆ ನಿಮ್ಮ ಸ್ವಂತ ಸಮಜಾಯಿಷಿಗೆ ಇರುವುದಿಲ್ಲ. ಆದರೆ ನಾಚಿಕೆಯಿಂದ ನೀವು ಬಾಯಿ ಬಿಡದಿದ್ದರೆ, ಹಾಗೆ ಬರೆಯಬೇಕೆಂಬುದು ಅವರಿಗಾದರೂ ಹೇಗೆ ಗೊತ್ತಾಗಬೇಕು? ಬಹಳಷ್ಟು ಪಿಎಚ್‌ಡಿ ಅರ್ಜಿಗಳ ಗಡುವು ಡಿಸೆಂಬರ್‌ನಲ್ಲೇ ಇರುತ್ತದೆ. ಸೆಪ್ಟೆಂಬರ್‌ನಲ್ಲೇ ಅಂಕಪಟ್ಟಿ ಹಿಡಿದು ಅವರ ಬಳಿ ಹೋಗಿ, ಆ ಸಾಲನ್ನು ನೀವೇ ತೋರಿಸಿ, ಏನಾಯಿತೆಂದು ಹೇಳಿ, ಪತ್ರದಲ್ಲಿ ಅದರ ಬಗ್ಗೆ ಬರೆಯಲು ಸಾಧ್ಯವೇ ಎಂದು ನೇರವಾಗಿ ಕೇಳಿ.