ಒಲೆ ಎಲ್ಲೋ, ಬಿಸಿ ಇಲ್ಲಿ

ಗ್ಯಾಸ್ ಬೇಡ, ಕರೆಂಟ್ ಬೇಡ, ಬೆಂಕಿಕಡ್ಡಿಯೂ ಬೇಡ. ತಣ್ಣೀರು ಹಾಕಿ ಮುಚ್ಚಿಟ್ಟರೆ ಸಾಕು, ಹದಿನೈದು ನಿಮಿಷದಲ್ಲಿ ಬಿಸಿಬಿಸಿ ಊಟ. ಹೀಗೆ ಹೇಳಿಕೊಳ್ಳುವ ಡಬ್ಬಗಳು ಈಗ ನಮ್ಮಲ್ಲೂ ಆನ್‌ಲೈನಿನಲ್ಲಿ ಸಿಗುತ್ತವೆ. ಚಾರಣಕ್ಕೆ ಹೋಗುವವರು ಕೊಳ್ಳುತ್ತಾರೆ, ಲಡಾಖಿಗೆ ಬೈಕ್ ಓಡಿಸುವವರು ಕೊಳ್ಳುತ್ತಾರೆ. ಎಲ್ಲಿಗೂ ಹೋಗದ ನನ್ನಂಥವರೂ ಕೊಳ್ಳುತ್ತಾರೆ, ಸುಮ್ನೆ ನೋಡೋಣ ಅಂತ.

ನೋಡುವಂಥದ್ದೇ ಅದು. ಕೆಳಗಿನ ತಟ್ಟೆಯಲ್ಲಿ ಬಟ್ಟೆಯ ಹಾಗಿರುವ ಒಂದು ಪೊಟ್ಟಣ. ಗೆರೆ ಮುಟ್ಟುವಷ್ಟು ನೀರು ಸುರಿದು, ಊಟದ ತಟ್ಟೆಯನ್ನು ಮೇಲಿಟ್ಟು, ಮುಚ್ಚಳ ಹಾಕಬೇಕು. ಮೊದಲು ಏನೂ ಆಗುವುದಿಲ್ಲ. ದುಡ್ಡು ದಂಡ ಅಂದುಕೊಳ್ಳುವಷ್ಟರಲ್ಲಿ ಒಳಗೆ ಚುರುಚುರು ಸದ್ದು. ಆಮೇಲೆ ಕೊತಕೊತ. ಮುಚ್ಚಳದ ಸಣ್ಣ ತೂತಿನಿಂದ ಆವಿ ನೆಟ್ಟಗೆ ಮೇಲೇಳುತ್ತದೆ, ಡಬ್ಬ ಮೇಜಿನ ಮೇಲೆ ಸಣ್ಣಗೆ ನಡುಗುತ್ತದೆ. ಆ ಆವಿಗೆ ಅನ್ನದ ವಾಸನೆ ಇಲ್ಲ, ಸಾರಿನ ವಾಸನೆಯೂ ಇಲ್ಲ. ಆಗಷ್ಟೇ ಸುಣ್ಣ ಬಳಿದ ಗೋಡೆಯ ವಾಸನೆ.

ಸುಣ್ಣವೇ ಅದು. ಇಂಥ ಹೆಚ್ಚಿನ ಡಬ್ಬಗಳ ಪೊಟ್ಟಣದಲ್ಲಿ ಇರುವುದು ಮುಖ್ಯವಾಗಿ ಸುಟ್ಟ ಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್. ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಹೊಡೆಯುತ್ತಿದ್ದ ಕಾಲದವರಿಗೆ ಇದೇನೂ ಹೊಸ ಪವಾಡವಲ್ಲ. ಹಿತ್ತಲಲ್ಲಿ ಹಳೇ ಡ್ರಮ್ಮಿಗೆ ಸುಣ್ಣದ ಕಲ್ಲು ಹಾಕಿ ನೀರು ಸುರಿಯುತ್ತಿದ್ದರು. ಕಲ್ಲು ಒಂದು ಗಳಿಗೆ ನೀರು ಕುಡಿದು ತೆಪ್ಪಗಿರುತ್ತಿತ್ತು. ಆಮೇಲೆ ಪಟ್ ಎಂದು ಬಿರಿದು, ಅರಳಿ, ಇಡೀ ಡ್ರಮ್ಮು ಕುದಿಯುತ್ತಿತ್ತು. "ಹತ್ರ ಹೋಗ್ಬೇಡ್ರೋ, ಕಣ್ಣಿಗೆ ಹಾರುತ್ತೆ!" ಎಂದು ದೊಡ್ಡವರು ಕೂಗುತ್ತಿದ್ದರು. ಅದು ಸುಳ್ಳು ಬೆದರಿಕೆ ಅಲ್ಲ, ಸುಣ್ಣ ಕಣ್ಣಿಗೆ ಬಿದ್ದರೆ ನಿಜವಾಗಿಯೂ ಕಣ್ಣು ಹಾಳು. ಸಂಜೆಗೆ ಅದು ಆರಿದ ಮೇಲೆ ಸೋಸಿ, ಚೂರು ನೀಲಿ ಬೆರೆಸಿ ಗೋಡೆಗೆ ಬಳಿಯುತ್ತಿದ್ದರು. ಅಷ್ಟೆಲ್ಲ ಬಿಸಿ ಗಾಳಿಗೆ ಹೋಗುತ್ತಿತ್ತು. ಅದರ ಮೇಲೊಂದು ಪಾತ್ರೆ ಇಟ್ಟು ಬೆಳಗಿನ ಚಿತ್ರಾನ್ನ ಬಿಸಿ ಮಾಡೋಣ ಅಂತ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಒಳಗೆ ಒಲೆ ಇತ್ತಲ್ಲ.

ಇಂಥದ್ದೆಲ್ಲ ಹೊಳೆಯಬೇಕಾದರೆ ಒಲೆ ಇರಬಾರದು, ಜೊತೆಗೆ ಯುದ್ಧ ನಡೆಯುತ್ತಿರಬೇಕು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಹೈನ್ಜ್ ಕಂಪನಿಯ ಸೂಪಿನ ಡಬ್ಬ ಕೊಡುತ್ತಿದ್ದರು. 1944ರಲ್ಲಿ ನಾರ್ಮಂಡಿಗೆ ಇಳಿದವರ ಚೀಲದಲ್ಲೂ ಅದಿತ್ತು. ಡಬ್ಬದ ನಟ್ಟನಡುವೆ ಒಂದು ಕೊಳವೆ, ಅದರೊಳಗೆ ಕಾರ್ಡೈಟ್. ಬಂದೂಕಿನ ಗುಂಡು ಹಾರಿಸುವ ಮದ್ದು ಅದು! ಸಿಗರೇಟಿನ ತುದಿಯಿಂದ ಬತ್ತಿ ಹಚ್ಚಿದರೆ ಕೆಲವೇ ನಿಮಿಷದಲ್ಲಿ ಸೂಪು ಬಿಸಿ. ಹಚ್ಚುವ ಮೊದಲು ಮುಚ್ಚಳಕ್ಕೆ ತೂತು ಮಾಡಲು ಮರೆತರೆ ಸೂಪು ಮುಖಕ್ಕೆ. ಆಮೇಲೆ ಅಮೆರಿಕದ ಸೈನ್ಯದವರು ಸಿಗರೇಟು ಬೇಡದ ದಾರಿ ಹುಡುಕಿದರು. ಮೆಗ್ನೀಷಿಯಂ ಪುಡಿ, ಸ್ವಲ್ಪ ಕಬ್ಬಿಣ, ಸ್ವಲ್ಪ ಉಪ್ಪು. ನೀರು ಬಿದ್ದರೆ ಕುದಿಯುತ್ತದೆ, ಜೊತೆಗೆ ಹೈಡ್ರೋಜನ್ನನ್ನೂ ಬಿಡುತ್ತದೆ. ಆ ಪೊಟ್ಟಣವನ್ನು ಓರೆಯಾಗಿ ಒರಗಿಸಿಡಬೇಕು. ಯಾವುದಕ್ಕೆ ಒರಗಿಸಬೇಕು ಎನ್ನುವುದನ್ನು ಮೇಲಿನ ಚಿತ್ರದಲ್ಲೇ ಬರೆದಿದ್ದಾರೆ: ಕಲ್ಲಿಗೋ, ಇನ್ಯಾವುದಕ್ಕೋ. ಸರ್ಕಾರಿ ಸೂಚನೆಯಲ್ಲಿ ಇಷ್ಟು ಮನುಷ್ಯರ ಮಾತು ನಾನಂತೂ ಬೇರೆಲ್ಲೂ ಓದಿಲ್ಲ.

ಜಪಾನಿನವರು ಇದನ್ನು ರೈಲಿಗೆ ತಂದರು. ಅಲ್ಲಿನ ಕೆಲವು ರೈಲು ಬುತ್ತಿಗಳಿಗೆ ಪಕ್ಕದಲ್ಲಿ ಒಂದು ದಾರ ಇರುತ್ತದೆ. ದಾರ ಎಳೆದರೆ ಒಳಗಿನ ನೀರಿನ ಚೀಲ ಹರಿದು ಸುಣ್ಣಕ್ಕೆ ಬೀಳುತ್ತದೆ. 2001ರಲ್ಲಿ ಬ್ರಿಟನ್ನಿನಲ್ಲಿ ನೆಸ್ಕೆಫೆಯವರು ಇದೇ ಉಪಾಯದಲ್ಲಿ ಕಾಫಿ ಡಬ್ಬ ತಂದರು. ಡಬ್ಬ 330 ಮಿಲಿಲೀಟರಿನದು, ಕಾಫಿ 210 ಮಾತ್ರ. ಉಳಿದ ಜಾಗ ಸುಣ್ಣಕ್ಕೂ ನೀರಿಗೂ. ಹೆಚ್ಚು ದಿನ ಬಾಳಲಿಲ್ಲ. ಇವೆಲ್ಲದರ ತೊಂದರೆ ಒಂದೇ: ಬಿಸಿ ಏರುವುದು ಅಳತೆಯಷ್ಟೇ, ಸುಮಾರು 40 ಡಿಗ್ರಿ ಅಂದುಕೊಳ್ಳಿ. ಹೊರಗೆ ಹತ್ತು ಡಿಗ್ರಿ ಇದ್ದರೆ ಐವತ್ತಕ್ಕೆ ನಿಲ್ಲುತ್ತದೆ. ಕಾಫಿ ತುಂಬಾ ಬೇಕಾದ ದಿನವೇ ಉಗುರುಬೆಚ್ಚಗೆ! ಊಟದ ಡಬ್ಬದ ಕಥೆಯೂ ಅಷ್ಟೇನೂ ಬೇರೆ ಅಲ್ಲ. ಅಂಚಿನ ಅನ್ನ ನಾಲಿಗೆ ಸುಡುತ್ತದೆ, ನಡುವಿನದು ಇನ್ನೂ ಯೋಚನೆ ಮಾಡುತ್ತಿರುತ್ತದೆ. ಅಷ್ಟರಲ್ಲಿ ಫೋನ್ ಬಂತು, ಒಂದು ನಿಮಿಷ ಆರಿಸಿಡೋಣ ಅಂದರೆ ಅದಕ್ಕೆ ಕಿವಿ ಹಿಂಡಲು ಯಾವ ಗುಂಡಿಯೂ ಇಲ್ಲ.

ಆದರೆ ನನಗೆ ಕುತೂಹಲ ರುಚಿಯ ಬಗ್ಗೆ ಅಲ್ಲ, ಆ 'ಬೆಂಕಿ ಬೇಡ' ಎಂಬ ಮಾತಿನ ಬಗ್ಗೆ. ಬೆಂಕಿ ಬೇಡ ಅಂದವರು ಯಾರು? ಸುಣ್ಣದ ಕಲ್ಲನ್ನು ಗೂಡಿನಲ್ಲಿ 900 ಡಿಗ್ರಿ ಆಸುಪಾಸಿನಲ್ಲಿ ಸುಟ್ಟರೇನೇ ಅದು ಸುಟ್ಟ ಸುಣ್ಣವಾಗುವುದು. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದವರನ್ನು ಕೇಳಿ, ಆ ಗೂಡಿನ ಮುಂದೆ ನಿಲ್ಲುವುದು ಎಂಥ ಕೆಲಸ ಅಂತ. ಅಲ್ಲಿ ಉಂಡ ಉರಿಯಲ್ಲಿ ಒಂದು ಪಾಲನ್ನು ಸುಣ್ಣ ಬಚ್ಚಿಟ್ಟುಕೊಂಡಿರುತ್ತದೆ. ನೀರು ಬಿದ್ದ ಕೂಡಲೇ ಸಾಲ ತೀರಿಸುವವರ ಹಾಗೆ ವಾಪಸ್ ಕೊಡುತ್ತದೆ. ನಾವು ಕೊಳ್ಳುವುದು ಬೇರೆಯವರ ಒಲೆಯ ಬಿಸಿಯನ್ನು, ಅಷ್ಟೆ.

ತಂಪಿನ ಪೊಟ್ಟಣದ್ದು ತಿರುಗಾಮುರುಗಾ ಲೆಕ್ಕ. ಆಟದ ಮೈದಾನದಲ್ಲಿ ಕಾಲು ಉಳುಕಿದವನಿಗೆ ಫಿಸಿಯೋ ಒಂದು ಪೊಟ್ಟಣ ಗುದ್ದಿ, ಅಲುಗಾಡಿಸಿ ಇಡುತ್ತಾರಲ್ಲ, ಅದು. ಒಳಗಿನ ನೀರಿನ ಚೀಲ ಒಡೆದು ಬಿಳಿ ಕಾಳು ಕರಗುತ್ತದೆ. ಕರಗಲು ಬೇಕಾದ ಬಿಸಿಯನ್ನು ಅದು ಆ ನೀರಿನಿಂದಲೇ ಕಿತ್ತುಕೊಳ್ಳುತ್ತದೆ, ತಣ್ಣಗಾದ ನೀರು ಉಳುಕಿದ ಕಾಲಿನಿಂದ. ಆ ಕಾಳು ಅಮೋನಿಯಂ ನೈಟ್ರೇಟ್ ಇರಬಹುದು, ಯೂರಿಯಾ ಕೂಡ ಇರಬಹುದು. ಹೌದು, ಗೊಬ್ಬರದ ಯೂರಿಯಾನೇ. ಪೈರಿಗೆ ಹೊಡೆಯಲು ಬಕೆಟ್ ನೀರಿನಲ್ಲಿ ಯೂರಿಯಾ ಕರಗಿಸಿದವರಿಗೆ ಗೊತ್ತು, ಬಿರುಬಿಸಿಲಲ್ಲೂ ಬಕೆಟ್ಟಿನ ಮೈ ಬೆವರುತ್ತದೆ, ಕೈ ಜುಮ್ಮೆನ್ನುತ್ತದೆ. ಅಕ್ಬರನ ಅರಮನೆಯಲ್ಲಿ ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಹೂಜಿ ಆಡಿಸಿ ಕುಡಿಯುವ ನೀರು ತಂಪು ಮಾಡುತ್ತಿದ್ದರಂತೆ. ಅಬುಲ್ ಫಜಲ್ ಅದರ ಅಳತೆ ಸಮೇತ ಬರೆದಿಟ್ಟಿದ್ದಾನೆ: ಒಂದು ಸೇರು ನೀರು ತಂಪಾಗಲು ಎರಡೂವರೆ ಸೇರು ಪೆಟ್ಲುಪ್ಪು. ತೋಪಿನ ಮದ್ದಿಗೂ ಅದೇ ಉಪ್ಪು, ಬಾದಶಹನ ತಣ್ಣೀರಿಗೂ ಅದೇ ಉಪ್ಪು!

ನನಗೆ ಇವುಗಳಲ್ಲಿ ಜಾಸ್ತಿ ಇಷ್ಟ ಸೋಡಿಯಂ ಅಸಿಟೇಟಿನ ಚೀಲ. ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿದರೆ ಹುಟ್ಟುವ ಉಪ್ಪು ಅದು. ಚೀಲದಲ್ಲಿ ತಿಳಿನೀರಿನ ಹಾಗೆ ಕಾಣುತ್ತದೆ, ಒಳಗೊಂದು ತೆಳು ಲೋಹದ ಬಿಲ್ಲೆ. ಬಿಲ್ಲೆಯನ್ನು ಟಿಕ್ ಅನ್ನಿಸಿದರೆ ಅಲ್ಲಿಂದ ಬಿಳಿ ಹರಳು ಸರಸರ ಹರಡಿ ಚೀಲವೆಲ್ಲ ಗಟ್ಟಿಯಾಗಿ ಬಿಸಿಯಾಗುತ್ತದೆ. ಮತ್ತೆ ಬೇಕೆಂದರೆ ಕುದಿಯುವ ನೀರಿನಲ್ಲಿಟ್ಟು ಕರಗಿಸಿ ಆರಿಸಿಡಬೇಕು. ಮಂಡಿನೋವಿನ ಸೋದರತ್ತೆಗೆ ಒಂದು ತಂದುಕೊಟ್ಟೆ. ಪೂರ್ತಿ ವಿವರಣೆ ಕೇಳಿಸಿಕೊಂಡು ಅವರು ಅಂದರು:

"ಅಲ್ವೋ, ಮತ್ತೆ ಬಿಸಿನೀರಲ್ಲೇ ಕುದಿಸ್ಬೇಕು ಅಂದ್ರೆ, ಆ ಬಿಸಿನೀರನ್ನೇ ರಬ್ಬರ್ ಚೀಲಕ್ಕೆ ಹಾಕಿ ಮಂಡಿಗೆ ಇಟ್ಕೊಂಡ್ರೆ ಆಗಲ್ವಾ?"

ಆಗುತ್ತೆ. ಆದರೆ ಆ ಬಿಲ್ಲೆ ಟಿಕ್ ಅನ್ನಿಸುವ ಕೆಲಸವನ್ನು ಅತ್ತೆ ಈಗ ಮೊಮ್ಮಗನಿಗೂ ಬಿಡುವುದಿಲ್ಲ.